ಮೊಣಕೈ ಹಿಂದಿನ ಗುಳಿ

ಜೂನ್ ೧೨

ಅಮ್ಮಾ,

ಈ ಪತ್ರದಲ್ಲಿ ಒಂದು ವಿಷಯ ಬಿಟ್ಟೇ ಬರೆಯುವವಳಿದ್ದೆ. ಮಳೆ ಹಿಡಿದಿದೆ, ಕೆಲಸ ಜಾಸ್ತಿ, ನೆಗಡಿ ಹೋಯಿತು ಎಂದೆಲ್ಲ ಒಂದು ಪುಟ ತುಂಬಿಸಿ, ಮಡಚಿ, ಲಕೋಟೆಗೆ ಹಾಕಿಯೂ ಆಗಿತ್ತು. ಅಂಟು ಹಚ್ಚಲು ಮಾತ್ರ ಮನಸ್ಸಾಗಲಿಲ್ಲ. ಅದನ್ನು ಹರಿದುಹಾಕಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಬಲ ಮೊಣಕೈ ಕೆಟ್ಟಿದೆ. ಎರಡು ತಿಂಗಳಿಂದ ವಿಡಿಯೊ ಕರೆ ಮಾಡದೆ ಪತ್ರ ಬರೆಯುತ್ತಿರುವುದು ಅದೇ ಕಾರಣಕ್ಕೆ. ಫೋನಿನ ಕ್ಯಾಮೆರಾ ಕೆಟ್ಟಿದೆ ಅಂದಿದ್ದೆ. ಕ್ಯಾಮೆರಾ ಚೆನ್ನಾಗಿಯೇ ಇದೆ.

ತೋಳನ್ನು ಪೂರ್ತಿ ನೀಡಲು ಆಗುವುದಿಲ್ಲ, ಪೂರ್ತಿ ಮಡಚಲೂ ಆಗುವುದಿಲ್ಲ. ನಡುವೆ ಇರುವಷ್ಟು ಹೊತ್ತು ಏನೂ ಆಗಿಲ್ಲವೆಂಬಂತೆ ಇರುತ್ತದೆ. ಎರಡು ಕೊನೆ ಮುಟ್ಟಿದಾಗ ನೋವು. ತಲೆ ಬಾಚುವಾಗ ಈಗ ಕೈ ತಲೆಯ ಹತ್ತಿರ ಹೋಗುವುದಿಲ್ಲ, ತಲೆಯೇ ಬಗ್ಗಿ ಕೈಯ ಹತ್ತಿರ ಬರುತ್ತದೆ. ಒಮ್ಮೊಮ್ಮೆ ಕೀಲು ಸಿಕ್ಕಿಕೊಂಡು ನಿಂತೇಬಿಡುತ್ತದೆ. ಮೆಲ್ಲಗೆ ಅತ್ತಿತ್ತ ಆಡಿಸಿದರೆ ಬಿಡುತ್ತದೆ. ಬಿಡುವಾಗಿನ ಆ ಸದ್ದನ್ನು ನಿನಗೆ ಹೇಗೆ ಹೇಳಲಿ? ನಿಂತ ಬಸ್ಸಿಗೆ ಗೇರು ಹಾಕಿದಾಗ ಅಂಗಾಲಿಗೆ ಒಂದು ಪೆಟ್ಟು ತಾಗುತ್ತದಲ್ಲ, ಹಾಗೆ.

ಹೋದ ವಾರ ಕೋರ್ಟಿನಲ್ಲಿ ಹಾಗಾಯಿತು. ಕಿವಿ ಕೇಳದ ಒಬ್ಬರ ಸಾಕ್ಷಿ ನಡೆಯುತ್ತಿತ್ತು. ವಕೀಲರ ಪ್ರಶ್ನೆಯನ್ನು ಅವರಿಗೆ ಕೈಮಾತಿನಲ್ಲಿ ದಾಟಿಸುತ್ತಿದ್ದೆ, ಪ್ರಶ್ನೆಯ ನಡುವೆ ತೋಳು ನಿಂತಿತು. ‘ಯಾಕೆ, ಏನಾಯ್ತು?’ ಅಂದರು ನ್ಯಾಯಾಧೀಶರು. ‘ಮಾತು ಸಿಕ್ಕಿಕೊಂಡಿದೆ ಸರ್’ ಅಂದುಬಿಟ್ಟೆ. ಎಲ್ಲರೂ ನಕ್ಕರು, ಸಾಕ್ಷಿಯವರೊಬ್ಬರನ್ನು ಬಿಟ್ಟು. ಯಾಕೆ ನಗುತ್ತಿದ್ದಾರೆಂದು ಅವರಿಗೆ ಹೇಳಬೇಕಾದ ಕೈ ಇನ್ನೂ ಬಿಟ್ಟಿರಲಿಲ್ಲ.

ಮೂಳೆ ಡಾಕ್ಟರು ಹೇಳಿದ ಇಂಗ್ಲಿಷ್ ಪದ ನನಗೆ ಕೂಡಲೇ ಅರ್ಥವಾಯಿತು. ಇಂಗ್ಲಿಷ್ ಶಾಲೆಯಲ್ಲಿ ಓದಿದ್ದಕ್ಕೆ ಅಷ್ಟಾದರೂ ಉಪಯೋಗ. ಕೀಲಿನ ಸವೆತ. ಅದನ್ನು ನಿನಗೆ ಕೈಯಲ್ಲಿ ಹೇಗೆ ಹೇಳುವುದೆಂದು ಮನೆಗೆ ಬಂದು ಕನ್ನಡಿ ಮುಂದೆ ನಿಂತಾಗ, ನನಗೆ ಪದ ಗೊತ್ತಿದೆಯೇ ಹೊರತು ವಿಷಯ ಗೊತ್ತಿಲ್ಲ ಅನ್ನಿಸಿತು. ಆಸ್ಪತ್ರೆಯವರು ಒಂದು ಮಡಚಿದ ಕಾಗದ ಕೊಟ್ಟಿದ್ದಾರೆ. ಅದರಲ್ಲಿರುವುದು ಮೊಣಕಾಲಿನ ಚಿತ್ರ. ಮೈತೂಕ ಇಳಿಸಿ, ಮೆಟ್ಟಿಲು ಕಡಿಮೆ ಹತ್ತಿ, ಮೆತ್ತನೆ ಚಪ್ಪಲಿ ಹಾಕಿ ಎಂದಿದೆ. ‘ನಾನು ಮೊಣಕೈಯಲ್ಲಿ ಮೆಟ್ಟಿಲು ಹತ್ತಲ್ಲವಲ್ಲ’ ಅಂತ ನರ್ಸಿಗೆ ಹೇಳಿದೆ. ‘ಮೊಣಕೈದು ಇಲ್ಲ ಮೇಡಂ, ಯಾರೂ ಕೇಳಲ್ಲ’ ಅಂದಳು.

ಆದರೆ ಎಕ್ಸ್-ರೇ ತೋರಿಸುವಾಗ ಡಾಕ್ಟರು ಒಂದು ಮಾತು ಹೇಳಿದರು. ಅದು ಮೂರು ದಿನದಿಂದ ತಲೆಯಲ್ಲೇ ಕೂತಿದೆ. ತೋಳಿನ ಮೂಳೆಯ ಕೆಳತುದಿಯಲ್ಲಿ, ಹಿಂಬದಿಗೆ, ಒಂದು ಗುಳಿ ಇದೆ. ನಾವು ಕೈ ನೀಡಿದಾಗ ಮುಂಗೈ ಮೂಳೆಯ ಮೂತಿ ಬಂದು ಅದರಲ್ಲಿ ಕೂರುತ್ತದೆ. ಆ ಗುಳಿಯ ತಳ ಎಷ್ಟು ತೆಳು ಅಂದರೆ, ಒಣಗಿದ ಮೂಳೆಯನ್ನು ದೀಪಕ್ಕೆ ಹಿಡಿದರೆ ಬೆಳಕು ಹಾಯುತ್ತದಂತೆ. ನನ್ನ ಗುಳಿ ತುಂಬುತ್ತ ಬಂದಿದೆ. ಸವೆತ ಅಂದರೆ ಕರಗುವುದು ಮಾತ್ರ ಎಂದುಕೊಂಡಿದ್ದೆ. ಬೇಡದ ಕಡೆ ಮೂಳೆ ಬೆಳೆಯುತ್ತದೆ ಕೂಡ. ಕೈ ಚಾಚುವುದಕ್ಕೆ ಮೂಳೆಯಲ್ಲಿ ಏನೂ ಇಲ್ಲದ ಒಂದು ಜಾಗ ಬೇಕು ಅಂತ ಈ ವಯಸ್ಸಿನ ತನಕ ನನಗೆ ಗೊತ್ತೇ ಇರಲಿಲ್ಲ. ನನ್ನ ಉದ್ದನೆಯ ಮಾತೆಲ್ಲ ಆ ಪುಟ್ಟ ಖಾಲಿ ಜಾಗವನ್ನು ನಂಬಿಕೊಂಡಿತ್ತು.

ಈಗ ನನ್ನ ಹೆಸರನ್ನೂ ಸರಿಯಾಗಿ ಹೇಳಲಾಗುತ್ತಿಲ್ಲ. ತೊಟ್ಟಿಲಿನಿಂದ ಕೈ ಚಾಚಿ ಕಿಟಕಿಯ ಬಾಗಿಲು ದೂಡುತ್ತಿದ್ದೆನೆಂದು ನೀನು ಇಟ್ಟ ಕೈಹೆಸರು, ಅಂಗೈ ಮುಂದೆ ಮಾಡಿ ತೋಳನ್ನು ಪೂರ್ತಿ ದೂಡುವುದು. ಅರ್ಧಕ್ಕೇ ನಿಲ್ಲುತ್ತದೆ.

ಬಿಡುವವಳಿದ್ದೆ ಅಂದದ್ದು ಇಷ್ಟನ್ನೇ ಅಲ್ಲ. ಕೈಮಾತಾಡಿ ಮಾತಾಡಿ ಹೀಗಾಯಿತೇ ಅಂತ ಡಾಕ್ಟರನ್ನು ಕೇಳಬೇಕೆಂದೇ ಹೋಗಿದ್ದೆ. ಕೇಳದೆ ಬಂದೆ. ಹೌದು ಅಂದುಬಿಟ್ಟಿದ್ದರೆ ನಿನಗೆ ಹೇಳಬೇಕಾಗುತ್ತಿತ್ತು. ನಾನು ಮೊದಲು ಮಾತಾಡಿದ್ದು ನಿನ್ನ ಜೊತೆ ತಾನೆ?

ನಿನ್ನ
ಕಿಟಕಿ


ಜೂನ್ ೨೧

ಕಿಟಕಿ,

ನಿನ್ನ ಕಾಗದ ಓದಿದೆ. ಮೊದಲು ಸಿಟ್ಟು ಬಂತು. ಒಂದು ಲೋಟ ನೀರು ಕುಡಿದೆ. ಆಮೇಲೆ ಅಳು ಬಂತು. ಆಮೇಲೆ ನಗು. ಬಂದ ಕ್ರಮದಲ್ಲೇ ಬರೆದಿದ್ದೇನೆ.

ನೀನು ಹೋದ ಸಲ ಬಂದಾಗ ನಿನ್ನ ಮಾತು ಗಿಡ್ಡವಾಗಿತ್ತು. ಎಲ್ಲವನ್ನೂ ಎದೆಯ ಹತ್ತಿರವೇ ಹೇಳುತ್ತಿದ್ದೆ. ಕೇಳಿಸುವವರು ಗೊಣಗುತ್ತಾರಲ್ಲ, ಬಾಯಿ ಪೂರ್ತಿ ತೆರೆಯದೆ, ಹಾಗೆ. ಬಾಗಿಲಲ್ಲಿ ಹೋಗಿಬರುತ್ತೇನೆ ಎಂದು ಎತ್ತಿದ ಕೈಯೂ ಅರ್ಧ. ಆಮೇಲೆ ವಿಡಿಯೊ ನಿಂತಿತು. ನನ್ನ ಜೊತೆ ಮಾತಾಡಿ ಇವಳಿಗೆ ಸಾಕಾಗಿದೆ ಅಂದುಕೊಂಡೆ. ದಿನವೆಲ್ಲ ಕಿವುಡರ ಮಾತು ಹೊರುತ್ತಾಳೆ, ಮನೆಗೆ ಬಂದರೆ ಇಲ್ಲೊಬ್ಬಳು ಕಿವುಡಿ. ನಮ್ಮ ಕಿವುಡರ ಸಂಘದ ಇಸ್ತ್ರಿ, ಲಾಂಡ್ರಿಯಲ್ಲಿ ಬಟ್ಟೆ ಉಜ್ಜಿಯೇ ಮುದುಕಿಯಾದವಳು, ಅವಳ ಹತ್ತಿರ ಹಾಗೇ ಹೇಳಿಕೊಂಡೆ. ‘ನಿನ್ನ ಮಗಳಿಗೆ ಕೊಬ್ಬು’ ಅಂದಳು. ನಾನು ಹೌದು ಅಂದೆ. ಈಗ ಆ ಹೌದನ್ನು ವಾಪಸ್ ಕೇಳಬೇಕು. ಅವಳು ಸುಲಭಕ್ಕೆ ಕೊಡುವವಳಲ್ಲ.

ಮಾತು ಗಿಡ್ಡವಾದದ್ದು ಕಂಡಿತು, ಕೈ ಕಾಣಲಿಲ್ಲ. ನಾನೆಂಥ ತಾಯಿ ಅಂತ ಯೋಚಿಸುತ್ತ ಕೂತಿದ್ದೆ. ಅದು ಇನ್ನೊಂದು ದಿನಕ್ಕಿರಲಿ.

ಗುಳಿಯ ವಿಷಯ ತಿಳಿಯಿತು. ಪ್ರೆಸ್ಸಿನ ಬೈಂಡಿಂಗಿನಲ್ಲಿ ಹೊಸಬರು ಪುಸ್ತಕದ ಬೆನ್ನಿಗೆ ಅಂಟು ಜಾಸ್ತಿ ಬಳಿಯುತ್ತಾರೆ, ಗಟ್ಟಿಯಾಗಲಿ ಅಂತ. ಅದು ಹೊಲಿಗೆಯ ಸಂದಿಗೆ ಇಳಿದು ಒಣಗಿದರೆ ಪುಸ್ತಕ ಪೂರ್ತಿ ತೆರೆಯುವುದಿಲ್ಲ. ಬಲವಂತ ಮಾಡಿದರೆ ಬೆನ್ನು ಒಡೆಯುತ್ತದೆ. ನಾನು ಕೂತು ಚಾಕುವಿನ ತುದಿಯಲ್ಲಿ ಆ ಅಂಟು ಕೆರೆದು ತೆಗೆಯುತ್ತಿದ್ದೆ, ದಾರಕ್ಕೆ ತಾಗದ ಹಾಗೆ. ನಿನ್ನ ಡಾಕ್ಟರು ಕೆರೆಯುತ್ತಾರಾ? ಕೇಳು. ಒಳಗೆ ದಾರ ಯಾವುದಿದೆ, ಅದನ್ನೂ ಕೇಳು.

ಇನ್ನೂ ಕೇಳು. ಕೆರೆದ ಮೇಲೆ ಎಷ್ಟು ದಿನ ನೀನು ಮೂಕಿ? ಅಷ್ಟು ದಿನ ಎಡಗೈಯಲ್ಲಿ ಮಾತಾಡಿದರೆ ಅದೂ ಕೆಡುತ್ತದಾ? ದಿನಕ್ಕೆ ಎಷ್ಟು ಹೊತ್ತು ಮಾತಾಡಬಹುದು? ಜಗಳಕ್ಕೆ ಬೇರೆ ಲೆಕ್ಕವಾ? ಜಗಳದಲ್ಲಿ ಕೈ ಜಾಸ್ತಿ ಹೋಗುತ್ತದೆ.

ನೀನು ಕೇಳದೆ ಬಂದದ್ದನ್ನು ಎಲ್ಲಕ್ಕಿಂತ ಮೊದಲು ಕೇಳು. ನನ್ನ ಮುಖ ನೋಡಿ ಹೆದರಬೇಡ. ನನ್ನಿಂದ ಸವೆದಿದ್ದರೆ ಸವೆದಿದೆ ಅಂತ ತಿಳಿಯಲಿ. ನನ್ನ ತೋರುಬೆರಳಿನ ತುದಿ ಸೂಜಿ ಒತ್ತಿ ಒತ್ತಿ ಕಲ್ಲಾಗಿದೆ. ನಾನು ಯಾವ ಪುಸ್ತಕವನ್ನೂ ಬೈದಿಲ್ಲ.

ಅಮ್ಮ


ಜುಲೈ ೯

ಅಮ್ಮಾ,

ಕೇಳಿದೆ. ನಿನ್ನ ಕಾಗದವನ್ನೇ ಮೇಜಿನ ಮೇಲಿಟ್ಟುಕೊಂಡು, ಒಂದೊಂದಾಗಿ. ಜಗಳದ ಪ್ರಶ್ನೆ ಬಿಡೋಣ ಅಂದುಕೊಂಡಿದ್ದೆ. ಡಾಕ್ಟರು ತಲೆಕೆಳಗಾಗಿ ಓದಿ, ‘ಇದೇನು, ಇದನ್ನ ಕೇಳಲಿಲ್ಲ?’ ಅಂದರು.

ಮೊದಲನೆಯದಕ್ಕೆ ಉತ್ತರ: ಗೊತ್ತಿಲ್ಲ. ಅವರು ಅಷ್ಟೇ ಹೇಳಿದ್ದು. ‘ಭಾರ ಎತ್ತುವವರಲ್ಲಿ, ಸುತ್ತಿಗೆ ಹಿಡಿಯುವವರಲ್ಲಿ, ಹಿಂದೆ ಯಾವಾಗಲೋ ಮೊಣಕೈ ಮುರಿದವರಲ್ಲಿ ಇದನ್ನ ನೋಡ್ತೀವಿ ಮೇಡಂ. ಕೆಲವರಿಗೆ ಕಾರಣವೇ ಸಿಗಲ್ಲ. ಮಾತಾಡಿ ಸವೆದವರನ್ನ ನಾನು ನೋಡಿಲ್ಲ. ನೋಡಿಲ್ಲ ಅನ್ನೋದು ಇಲ್ಲ ಅಂತಲ್ಲ.’ ವರ್ಷಗಟ್ಟಲೆ ಡಾಕ್ಟರುಗಳ ಪಕ್ಕ ನಿಂತು ಅವರ ಮಾತು ದಾಟಿಸಿದ್ದೇನೆ. ಗೊತ್ತಿಲ್ಲ ಎಂಬ ಮಾತನ್ನು ದಾಟಿಸಿದ ನೆನಪಿಲ್ಲ. ಕೇಳಿದ ಮೇಲೆ ಎದೆ ಹಗುರಾಯಿತು. ಯಾಕೆ ಅಂತ ಇನ್ನೂ ಯೋಚಿಸುತ್ತಿದ್ದೇನೆ. ಇಲ್ಲ ಅಂದಿದ್ದರೆ ಬಹುಶಃ ನಂಬುತ್ತಿರಲಿಲ್ಲ.

ಆಮೇಲೆ ಅವರು ಒಂದು ಕೆಲಸ ಮಾಡಿದರು. ನನ್ನ ಮೊಣಕೈಯನ್ನು ಅಂಗೈಯಲ್ಲಿ ಹಿಡಿದು, ‘ಏನಾದ್ರೂ ಹೇಳಿ’ ಅಂದರು.

‘ಏನು ಹೇಳಲಿ?’

‘ಬಾಯಲ್ಲಿ ಅಲ್ಲ. ಕೈಯಲ್ಲಿ. ದಿನಾ ಹೇಳೋ ಥರ.’

ಹೇಳಿದೆ. ಅವರು ಕಣ್ಣು ಮುಚ್ಚಿ ಹಿಡಿದುಕೊಂಡೇ ಇದ್ದರು. ಕೀಲಿನೊಳಗಿನ ಮರಳಿನಂಥ ಕರಕರ ಅವರ ಅಂಗೈಗೆ ತಾಗುತ್ತಿತ್ತು. ಮಾತು ಎಲ್ಲಿ ಉದ್ದವಾಗಬೇಕೋ ಅಲ್ಲಿ ಕೀಲು ನಿಲ್ಲುವುದೂ ತಾಗಿರಬೇಕು. ಸ್ವಲ್ಪ ಹೊತ್ತಿನ ಮೇಲೆ ಕಣ್ಣು ಬಿಟ್ಟು, ‘ಮೊಣಕೈ ಇಷ್ಟು ಕೆಲಸ ಮಾಡೋದು ನನಗೆ ಗೊತ್ತಿರಲಿಲ್ಲ. ಏನು ಹೇಳಿದ್ರಿ?’ ಅಂದರು.

‘ನೀವು ಒಳ್ಳೆಯವರು, ಆದ್ರೆ ನಿಮ್ಮ ಆಸ್ಪತ್ರೆ ಕಾಗದಕ್ಕೆ ಕಾಲು ಯಾವುದು ಕೈ ಯಾವುದು ಗೊತ್ತಿಲ್ಲ ಅಂದೆ.’

ನಕ್ಕರು. ಆಮೇಲೆ ನಗಲಿಲ್ಲ. ಅವರು ಕೆರೆಯುತ್ತಾರೆ ಅಮ್ಮ. ಸಣ್ಣ ತೂತುಗಳಿಂದ ಒಳಗೆ ಕ್ಯಾಮೆರಾ ಬಿಟ್ಟು, ಗುಳಿಯಲ್ಲಿ ಬೆಳೆದ ಮೂಳೆ ಕೆರೆದು, ಕಳಚಿಕೊಂಡು ಒಳಗೆ ಓಡಾಡುವ ಮೂಳೆಚೂರುಗಳನ್ನು ಹೆಕ್ಕಿ ತೆಗೆಯುತ್ತಾರೆ. ಕೈ ಎಳೆ ಮಗುವಿನ ಕೈಯಾಗುವುದಿಲ್ಲ, ಈಗಿನದಕ್ಕಿಂತ ಉದ್ದವಾಗಬಹುದು. ಗುಳಿ ಮತ್ತೆ ನಿಧಾನಕ್ಕೆ ತುಂಬಲೂಬಹುದು. ಬೇಡವೆಂದರೂ ಜೀವಕ್ಕೇನೂ ಆಗುವುದಿಲ್ಲ. ಮಾತು ಇನ್ನಷ್ಟು ಗಿಡ್ಡವಾಗುತ್ತ ಹೋಗುತ್ತದೆ.

ನೀನು ಕೇಳಿದ ದಾರವೂ ಇದೆ. ಮೊಣಕೈಯ ಒಳಮಗ್ಗುಲಲ್ಲಿ ಚರ್ಮದ ಕೆಳಗೇ ಒಂದು ನರ ಹೋಗುತ್ತದೆ. ಮೊಣಕೈ ಎಲ್ಲಾದರೂ ತಗುಲಿದಾಗ ಜುಮ್ಮೆನ್ನುವುದು ಅದೇ. ಕಿರುಬೆರಳು, ಉಂಗುರದ ಬೆರಳು ಅದರ ಮಾತು ಕೇಳುತ್ತವೆ. ಬೆರಳುಗಳನ್ನು ಅಗಲಿಸುವುದೂ ಅದೇ. ಕೆರೆಯುವಾಗ ಆ ನರಕ್ಕೆ ನೋವಾಗಬಹುದು. ಹೆಚ್ಚಾಗಿ ಆಗುವುದಿಲ್ಲ, ಒಂದು ವೇಳೆ ಆದರೆ ಹೆಚ್ಚಿನವರಿಗೆ ಬೆರಳಿನ ಬಲ ವಾಪಸ್ ಬರುತ್ತದೆ, ಕೆಲವರಿಗೆ ಬರುವುದಿಲ್ಲ ಅಂದರು. ‘ಬೇರೆಯವರಿಗೆ ಕಿರುಬೆರಳು ಹೋದ್ರೆ ಮುಷ್ಟಿ ಸ್ವಲ್ಪ ಸಡಿಲ. ನಿಮಗೆ?’ ಎಂದು ಅವರೇ ನಿಲ್ಲಿಸಿದರು.

ನನಗೆ ಅರ್ಧ ಅಕ್ಷರಮಾಲೆ ಹೋದ ಹಾಗೆ. ಉದ್ದದ ಆಸೆಗೆ ಬೆರಳನ್ನು ಪಣಕ್ಕಿಡುವುದೋ, ಬೆರಳು ಕಾಪಾಡಿಕೊಂಡು ಗಿಡ್ಡ ಮಾತಿನಲ್ಲೇ ಮುದುಕಿಯಾಗುವುದೋ? ಯೋಚಿಸಿ ಹೇಳುತ್ತೇನೆ ಅಂದು ಬಂದೆ. ನಾನು ಎಷ್ಟು ಯೋಚಿಸುತ್ತೇನೆಂದು ನಿನಗೆ ಗೊತ್ತು.

ಜಗಳಕ್ಕೆ ಬೇರೆ ಲೆಕ್ಕವಿಲ್ಲವಂತೆ. ಆಡಬಹುದು.

ನಿನ್ನ
ಕಿಟಕಿ


ಆಗಸ್ಟ್ ೪

ಕಿಟಕಿ,

ನೀನು ಯೋಚಿಸು. ನಾನು ವಿಚಾರಿಸುತ್ತೇನೆ ಅಂತ ಭಾನುವಾರ ಸಂಘಕ್ಕೆ ಹೋದೆ.

ಕುರ್ಚಿಯ ಮೇಲೆ ಹತ್ತಿದೆ, ಎಲ್ಲರಿಗೂ ಕಾಣಬೇಕಲ್ಲ. ‘ಯಾರ ಯಾರ ಮೊಣಕೈ ಕೆಟ್ಟಿದೆ, ಕೈ ಎತ್ತಿ’ ಅಂದೆ. ಇಸ್ತ್ರಿ, ‘ಕೆಟ್ಟ ಕೈ ಎತ್ತಬೇಕಾ, ಒಳ್ಳೆ ಕೈ ಎತ್ತಬೇಕಾ?’ ಅಂದಳು. ಎರಡೂ ಎತ್ತಿ ಅಂದೆ.

ಹೊರಗೆ ಮಳೆ ನಿಂತು ಬಿಸಿಲು ಬಂದಿತ್ತು. ದೊಡ್ಡ ಕಿಟಕಿಗಳಿಂದ ಬೆಳಕು. ಎಲ್ಲ ಮುದುಕ ಮುದುಕಿಯರು ಕೈ ಎತ್ತಿದರು. ಮಗಳೇ, ಒಂದು ಕೈಯೂ ನೇರವಿರಲಿಲ್ಲ. ಒಂದು ಕಿವಿಯ ಹತ್ತಿರ ನಿಂತಿದೆ, ಒಂದು ಹಣೆಯ ಹತ್ತಿರ. ಇಸ್ತ್ರಿಯದು ಇಸ್ತ್ರಿ ಪೆಟ್ಟಿಗೆ ಹಿಡಿದ ಹಾಗೇ ನಿಂತಿದೆ. ಬೇಕರಿಯಲ್ಲಿ ಹಿಟ್ಟು ನಾದುತ್ತಿದ್ದವನದು ಹಿಟ್ಟಿಗೆ ಬಗ್ಗಿದ ಹಾಗೆ. ಯಾರು ಏನು ಕೆಲಸ ಮಾಡಿದರೆಂದು ಎತ್ತಿದ ಕೈಯಲ್ಲೇ ಗೊತ್ತಾಗುತ್ತಿತ್ತು. ಪ್ರತಿ ಭಾನುವಾರ ಇವರ ಜೊತೆ ಹರಟಿದ್ದೇನೆ. ಇವರ ಮಾತು ಗಿಡ್ಡ ಅಂತ ನನಗೆ ಒಂದು ದಿನವೂ ಅನ್ನಿಸಿಲ್ಲ. ನಾನು ಕುರ್ಚಿಯ ಮೇಲೇ ತಿರುಗಿ ತಿರುಗಿ ಎಲ್ಲರ ಕೈ ನೋಡಿದೆ. ‘ಇಳೀ, ಬಿದ್ದು ನಿನ್ನದೂ ಮುರಿದೀತು’ ಅಂದರು.

ಆಮೇಲೆ ಗಮನಿಸಿ ನೋಡಿದೆ. ದೂರ ಅನ್ನಬೇಕಾದರೆ ಅವರು ಕೈ ಚಾಚುವುದಿಲ್ಲ. ಕೈ ಅಲ್ಲೇ ಇರುತ್ತದೆ, ಕಣ್ಣು ದೂರ ಹೋಗುತ್ತದೆ. ಇಸ್ತ್ರಿ ಸೊಂಟದಿಂದ ತಿರುಗುತ್ತಾಳೆ. ನೀನೂ ಕಲಿಯಬಹುದು. ಆದರೆ ಅವರು ಬೇಕೆಂದು ಹಾಗೆ ಮಾಡಲಿಲ್ಲ. ಇಸ್ತ್ರಿಯನ್ನು ಕೇಳಿದೆ, ‘ಡಾಕ್ಟರಿಗೆ ತೋರಿಸಿದ್ಯಾ?’ ‘ತೋರಿಸ್ದೆ. ಅವರು ಬಾಯಿ ಆಡಿಸಿದ್ರು, ನಾನು ತಲೆ ಆಡಿಸ್ದೆ, ಮಾತ್ರೆ ಕೊಟ್ರು.’ ಎಲ್ಲರದೂ ಅದೇ ಕತೆ.

ಕಲ್ಲಜ್ಜನದು ಮಾತ್ರ ಬೇರೆ. ಕಲ್ಲು ಕಡಿಯುತ್ತಿದ್ದವನು. ಅವನಿಗೆ ಹತ್ತು ವರ್ಷದ ಹಿಂದೆ ದೊಡ್ಡ ಆಪರೇಷನ್ನೇ ಆಗಿದೆ, ಮೊಣಕೈ ತೆಗೆದು ಲೋಹದ್ದು ಕೂರಿಸಿದ್ದಾರೆ. ನೋವು ಪೂರ್ತಿ ಹೋಯಿತಂತೆ. ಅವನು ಅದನ್ನು ಹೇಳುವಾಗ ಮುಖ ನೋಡಬೇಕಿತ್ತು. ಬೆಳಿಗ್ಗೆ ಎದ್ದು, ಇದು ಯಾರ ಕೈ ಅಂತ ನೋಡಿಕೊಳ್ಳುತ್ತಿದ್ದನಂತೆ. ನೋವಿಲ್ಲದ ಕೈ ಒಳ್ಳೆ ಕೈ ಅಂತ ಮತ್ತೆ ಕಲ್ಲು ಎತ್ತಿದ. ಒಂದೆರಡು ವರ್ಷಕ್ಕೆ ಒಳಗೆ ಸಡಿಲವಾಯಿತು. ಈಗ ಆ ಕೈ ಜೋತಾಡುತ್ತದೆ, ಒಂದೇ ಕೈಯಲ್ಲಿ ಮಾತು.

‘ಭಾರ ಎತ್ತಬಾರದು ಅಂತ ಯಾರೂ ಹೇಳಲಿಲ್ವಾ?’ ಅಂದೆ.

‘ಹೇಳಿರಬೇಕು. ನನಗೆ ಕೇಳಿಸಲಿಲ್ಲ’ ಅಂದು ಹಲ್ಲು ಬಿಟ್ಟ.

ಮಳೆ ಬಂದಾಗ ಅವನು ಆ ಮೊಣಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿ ದಾರ ಕಟ್ಟುತ್ತಾನೆ, ನೋಡಿದ್ದೀಯಲ್ಲ? ನಾವೆಲ್ಲ ನಗುತ್ತೇವೆ. ಯಾಕೆ ಅಂತ ನಾನು ಇವತ್ತಿನವರೆಗೆ ಕೇಳಿಲ್ಲ.

ಅವನನ್ನು ನಿನ್ನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ಅವನಿಗೂ ಪ್ರಶ್ನೆಗಳಿವೆಯಂತೆ.

ಅಮ್ಮ


ಆಗಸ್ಟ್ ೨೮

ಅಮ್ಮಾ,

ಕಲ್ಲಜ್ಜನನ್ನು ನಿನ್ನೆ ಕರೆದುಕೊಂಡು ಹೋಗಿದ್ದೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಜಿಟಿಜಿಟಿ ಮಳೆ. ಮೊಣಕೈಗೆ ಪ್ಲಾಸ್ಟಿಕ್ ಚೀಲ, ದಾರ.

ಡಾಕ್ಟರು ಮೇಜಿನ ಆಚೆಯಿಂದ ಎದ್ದು ಬಂದು ಅವನ ಎದುರೇ ಕುರ್ಚಿ ಎಳೆದು ಕೂತರು. ಇದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ‘ಕೇಳಿ ಅಜ್ಜ’ ಅಂದರು. ನಾನು ದಾಟಿಸಿದೆ. ಅವನು ಒಳ್ಳೆ ಕೈಯಿಂದ ಚೀಲದ ದಾರ ನೇವರಿಸಿದ. ಹತ್ತು ವರ್ಷದ ಪ್ರಶ್ನೆಗಳಲ್ಲಿ ಯಾವುದನ್ನು ಮೊದಲು ಎತ್ತಬೇಕೆಂದು ನೋಡುತ್ತಿದ್ದನೆಂದು ಕಾಣುತ್ತದೆ. ಆಮೇಲೆ ಒಂದೇ ಕೈಯಲ್ಲಿ, ನಿಧಾನವಾಗಿ ಕೇಳಿದ:

‘ಒಳಗಿರೋದು ಯಾವ ಲೋಹ? ಮಳೇಲಿ ತುಕ್ಕು ಹಿಡಿಯುತ್ತಾ?’

ಅವನು ಕೇಳಿದಷ್ಟನ್ನೇ ದಾಟಿಸಿದೆ. ಡಾಕ್ಟರು ನಗಲಿಲ್ಲ. ‘ಇಲ್ಲ ಅಜ್ಜ. ಹಿಡಿಯಲ್ಲ. ನೀರು ಅಲ್ಲಿಗೆ ಹೋಗೋದೇ ಇಲ್ಲ’ ಅಂದರು. ಕಲ್ಲಜ್ಜ ನನ್ನ ಕೈ ನೋಡಿದ, ಆಮೇಲೆ ಡಾಕ್ಟರ ಮುಖ ನೋಡಿದ, ಇನ್ನೊಂದು ಸಲ ಹೇಳು ಅಂತ ನನಗೆ ಹೇಳಿದ. ಇನ್ನೊಂದು ಸಲ ಹೇಳಿದೆ.

ಆ ಕೈಯನ್ನು ಮತ್ತೆ ಸರಿಮಾಡಲು ಆಗುತ್ತದೋ ಇಲ್ಲವೋ ಪರೀಕ್ಷೆ ಮಾಡಿ ಹೇಳುತ್ತಾರಂತೆ. ಅವನಿಗೆ ಅದರ ಆತುರವಿರಲಿಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಹಲ್ಲಿನಿಂದ ದಾರದ ಗಂಟು ಬಿಚ್ಚಿದ. ಚೀಲ ಮಡಚಿ ಕಿಸೆಗೆ ಹಾಕಿಕೊಂಡ. ಅಂಗಿಯ ತೋಳು ಮೇಲಕ್ಕೆ ಮಡಚಿ ಮಳೆಗೆ ಇಳಿದ. ಜನ ತಲೆಯ ಮೇಲೆ ಚೀಲ, ಪೇಪರು ಹಿಡಿದು ಓಡುತ್ತಿದ್ದರು. ಅವನು ಅಂಗಳದ ನಡುವೆ ಆ ಜೋತ ಕೈಯನ್ನು ಇನ್ನೊಂದು ಕೈಯಿಂದ ಎತ್ತಿ ಹಿಡಿದು, ಮೊಣಕೈಗೆ ಹನಿ ಬೀಳುವುದನ್ನು ನೋಡುತ್ತ ನಿಂತಿದ್ದ. ನಾನೂ ನಿಂತೆ. ಕೊಡೆ ಬಿಚ್ಚಲು ತೋಚಲಿಲ್ಲ. ಒಂದು ಉತ್ತರ ಒಬ್ಬ ಮನುಷ್ಯನ ಮೈಮೇಲೆ ಹಾಗೆ ಬೀಳುವುದನ್ನು ನಾನು ನೋಡಿರಲಿಲ್ಲ.

ದಾಟಿಸುವಾಗ ನನ್ನ ತೋಳು ನಡುವೆ ಸಿಕ್ಕಿಕೊಂಡಿತ್ತು. ಅವನು ತನ್ನ ಒಳ್ಳೆ ಕೈಯಿಂದ ನನ್ನ ಮೊಣಕೈ ಹಿಡಿದು, ಅತ್ತಿತ್ತ ಆಡಿಸಿ, ಬಿಡಿಸಿಕೊಟ್ಟ. ಡಾಕ್ಟರು ನೋಡುತ್ತಿದ್ದರು.

ಮಾಡಿಸಿಕೊಳ್ಳುತ್ತೇನೆ ಅಮ್ಮ. ಸೆಪ್ಟೆಂಬರ್ ಹದಿನೇಳಕ್ಕೆ ದಿನ ಗೊತ್ತಾಗಿದೆ. ಯೋಚಿಸಿ ಮುಗಿಯಿತು ಅಂತಲ್ಲ. ನಿನ್ನ ಎದುರು ಗಿಡ್ಡವಾಗಿ ಮಾತಾಡಿ, ನೀನು ಅದನ್ನು ಬೇಸರವೆಂದು ತಿಳಿದು, ಇಬ್ಬರೂ ಸುಮ್ಮನಿದ್ದೆವಲ್ಲ ಆ ಎರಡು ತಿಂಗಳು, ಅದು ಇನ್ನೊಮ್ಮೆ ಬೇಡ.

ನೀನು ಬಾ. ಅಡುಗೆ ಮಾಡಲು ಅಲ್ಲ. ಡಾಕ್ಟರಿಗೆ ಬೆರಳು ಗೊತ್ತು, ಬೆರಳಿನ ಮಾತು ಗೊತ್ತಿಲ್ಲ. ಎದ್ದ ಮೇಲೆ ನಾನು ಸರಿಯಾಗಿ ಮಾತಾಡುತ್ತಿದ್ದೇನೋ ಇಲ್ಲವೋ ನೋಡಿ ಹೇಳಬಲ್ಲವಳು ನೀನೊಬ್ಬಳೇ.

ನಿನ್ನ
ಕಿಟಕಿ


ಅಕ್ಟೋಬರ್ ೫

ಕಿಟಕಿ,

ಇದನ್ನು ನಿನ್ನ ಮೇಜಿನ ಮೇಲೆ, ನೀರಿನ ಲೋಟದ ಕೆಳಗೆ ಇಟ್ಟು ಹೋಗುತ್ತಿದ್ದೇನೆ. ಬಸ್ಸಿಗೆ ಹೊತ್ತಾಯಿತು. ನೀನು ಮಲಗಿದ್ದೀಯ. ಎಬ್ಬಿಸಲಿಲ್ಲ, ಕಾರಣ ಕೆಳಗಿದೆ.

ಬಂದಾಗಿನಿಂದ ನಾವು ಒಂದು ವಿಷಯ ಮಾತಾಡಲಿಲ್ಲ. ತೋಳು ಉದ್ದವಾಗಿದೆ ಅಂದೆವು, ಡಾಕ್ಟರು ಒಳ್ಳೆಯವರು ಅಂದೆವು, ನಿನ್ನ ಎಡಗೈ ಮಾತು ಕುಡಿದವನ ಮಾತಿನ ಹಾಗಿದೆ ಅಂತ ನಕ್ಕೆವು. ಆಪರೇಷನ್ ಆದಾಗಿನಿಂದ ಬಲವಿಲ್ಲದೆ ಮಲಗಿದ ಎರಡು ಬೆರಳಿನ ವಿಷಯ ಎತ್ತಲಿಲ್ಲ. ಡಾಕ್ಟರು ನಿನ್ನ ಬೆರಳುಗಳ ಸಂದಿಗೆ ನಾನು ಪ್ರೆಸ್ಸಿನಿಂದ ತಂದ ಕಾಗದದ ತುಂಡು ಇಟ್ಟು ಎಳೆದಾಗಲೆಲ್ಲ ಅದು ಜಾರಿ ಬರುತ್ತಿತ್ತು. ಅವರು ‘ಕಾಯೋಣ’ ಅನ್ನುತ್ತಿದ್ದರು. ನೀನು ನಗುತ್ತಿದ್ದೆ. ಮನೆಗೆ ಬಂದು ಆ ಕೈಯನ್ನು ಸೆರಗಿನ ಕೆಳಗೆ ಇಟ್ಟುಕೊಳ್ಳುತ್ತಿದ್ದೆ. ಕೊನೆಕೊನೆಗೆ ನೀನು ಆ ಬೆರಳುಗಳನ್ನು ಆಡಿಸಿ ನೋಡುವುದನ್ನೇ ಬಿಟ್ಟಿದ್ದೆ. ನಾನು ನೋಡುವವಳು. ನೋಡಲು ಏನೂ ಸಿಗದೆ ಕೂತಿದ್ದೆ.

ಇವತ್ತು ಊಟವಾದ ಮೇಲೆ ನೀನು ಮಲಗಿದೆ. ನಾನು ಪಕ್ಕದಲ್ಲಿ ಚೀಲ ತುಂಬುತ್ತಿದ್ದೆ. ನಿನ್ನ ಕೈ ಹೊದಿಕೆಯ ಮೇಲೆ ಅಲುಗಿತು. ನೀನು ನಿದ್ದೆಯಲ್ಲಿ ಮಾತಾಡುತ್ತಿದ್ದೆ. ಮಗುವಾಗಿದ್ದಾಗ ಮಾತಾಡುತ್ತಿದ್ದೆ, ಶಾಲೆಗೆ ಹೋದ ಮೇಲೆ ನಿಂತಿತ್ತು. ನಿಂತಿದೆ ಅಂದುಕೊಂಡಿದ್ದೆ. ಮೊದಲು ಬಲಗೈಯ ಮೂರೇ ಬೆರಳು ಆಡಿದವು. ನಾನು ಚೀಲ ಬಿಟ್ಟು ಕೂತೆ. ನಿನ್ನ ಮಾತಿನ ನಡುವೆ ಕಿರುಬೆರಳು ಪಕ್ಕಕ್ಕೆ ಸರಿಯಿತು. ತಾನಾಗಿ. ಸ್ವಲ್ಪ. ಎಲ್ಲಿ ಸರಿಯಬೇಕಿತ್ತೋ ಅದೇ ಜಾಗದಲ್ಲಿ. ಆಮೇಲೆ ಇನ್ನೊಂದು ಸಲ.

ಎಬ್ಬಿಸಿದ್ದರೆ ನೀನು ಬೆರಳನ್ನು ಪರೀಕ್ಷೆಗೆ ಕೂರಿಸುತ್ತಿದ್ದೆ, ಅದು ಹೆದರುತ್ತಿತ್ತು. ಅಲ್ಲದೆ ಮಾತಾಡುತ್ತಿರುವವರ ನಡುವೆ ಬಾಯಿ ಹಾಕಬಾರದು. ಕೂತು ಪೂರ್ತಿ ಕೇಳಿದೆ. ಮೊದಲ ಬಸ್ಸು ಹೋಯಿತು.

ಮಾತು ಸ್ಪಷ್ಟವಾಗಿತ್ತು. ನೋಡಿ ಹೇಳು ಅಂದಿದ್ದೆಯಲ್ಲ, ನೋಡಿದೆ, ಹೇಳುತ್ತಿದ್ದೇನೆ.

ಅಮ್ಮ


ಅಕ್ಟೋಬರ್ ೯

ಅಮ್ಮಾ,

ಬಲಗೈಯಲ್ಲೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಸುಧಾರಿಸಿಕೋ. ಎದ್ದು ನಿನ್ನ ಕಾಗದ ಓದಿದ ಮೇಲೆ ಸಂಜೆಯವರೆಗೂ ಬೆರಳಿನ ಕಡೆ ನೋಡಲಿಲ್ಲ. ನೀನು ಹೇಳಿದ ಹಾಗೆ ಅದು ಹೆದರೀತು ಅಂತ. ಇಂಥ ಮಾತನ್ನು ನಂಬುವವಳಲ್ಲ ನಾನು, ಆದರೂ ಹಾಗೇ ಮಾಡಿದೆ.

ಇವತ್ತು ಡಾಕ್ಟರು ಮತ್ತೆ ಕಾಗದ ಇಟ್ಟರು. ನೀನು ಪ್ರೆಸ್ಸಿನಿಂದ ತಂದ ತುಂಡು ಕಾಗದವೇ. ಮೆಲ್ಲಗೆ ಎಳೆದರು. ಕಾಗದ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಜಾರಿತು. ಆ ಸ್ವಲ್ಪ ಹೊತ್ತಿಗೆ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ‘ಬರ್ತಿದೆ’ ಅಂದರು. ‘ಅಮ್ಮ ಭಾನುವಾರವೇ ನೋಡಿದ್ರು’ ಅಂದೆ. ನಿದ್ದೆಯ ವಿಷಯ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ಎಷ್ಟೋ ಮೊಣಕೈ ಒಳಗೆ ಕ್ಯಾಮೆರಾ ಬಿಟ್ಟು ನೋಡಿದ್ದಾರಂತೆ, ಮಾತು ಎಲ್ಲಿಂದ ಹೊರಡುತ್ತದೆ ಅಂತ ಇನ್ನೂ ಕಂಡಿಲ್ಲವಂತೆ.

ಆಸ್ಪತ್ರೆಯವರು ಮೊಣಕೈಯ ಸವೆತದ ವಿಷಯವನ್ನು ಕೈಮಾತಿನಲ್ಲಿ ಹೇಳುವ ವಿಡಿಯೊ ಮಾಡಬೇಕೆಂದಿದ್ದಾರೆ. ನನ್ನನ್ನು ಕೇಳಿದರು. ಇಸ್ತ್ರಿ ಮತ್ತು ಕಲ್ಲಜ್ಜ ಮಾತಾಡಲಿ, ನಾನು ಪಕ್ಕದಲ್ಲಿರುತ್ತೇನೆ ಅಂದಿದ್ದೇನೆ. ಮೊದಲ ಪ್ರಶ್ನೆ ತುಕ್ಕಿನದು.

ತೋಳು ಪೂರ್ತಿ ನೇರವಾಗಿಲ್ಲ. ಆಗುವುದೂ ಇಲ್ಲ. ಮೊದಲಿಗಿಂತ ಒಂದು ಗೇಣು ದೂರ ಹೋಗುತ್ತದೆ. ಬಟ್ಟೆ ಒಣಹಾಕುವಾಗ, ಅಂಗಡಿಯಲ್ಲಿ ಏನನ್ನೋ ತೋರಿಸುವಾಗ, ಆ ಗೇಣಿನ ತುದಿಗೆ ಕೈ ಮುಟ್ಟಿದಾಗಲೆಲ್ಲ ಒಂದು ಕ್ಷಣ ನಿಲ್ಲುತ್ತೇನೆ. ಒಳಗೆ ಆ ಗುಳಿ ಖಾಲಿ ಇದೆ, ಮೂಳೆ ಬಂದು ಅದರಲ್ಲಿ ಕೂತಿದೆ.

ಒಂದು ವಿಷಯ ನೀನು ಬರೆಯಲಿಲ್ಲ. ನಿದ್ದೆಯಲ್ಲಿ ನಾನು ಏನು ಹೇಳುತ್ತಿದ್ದೆ? ಮರೆತೆಯೋ, ಬೇಕೆಂದೇ ಬಿಟ್ಟೆಯೋ? ಮೊದಲ ಬಸ್ಸು ತಪ್ಪಿಸಿಕೊಂಡು ಕೇಳುವಂಥದ್ದು ಏನಿತ್ತು? ಕೇಳಬೇಕೆಂದು ಬರೆದೆ, ಬೇಡವೆಂದು ಹೊಡೆದುಹಾಕಿದೆ, ಮತ್ತೆ ಬರೆದಿದ್ದೇನೆ. ಇಂಗ್ಲಿಷಿನಲ್ಲಿ ಓದಿದೆ, ಬಾಯಿಮಾತು ದಾಟಿಸಿ ದುಡಿದೆ, ಯೋಚನೆಯನ್ನೆಲ್ಲ ಪದಗಳಲ್ಲೇ ಮಾಡುತ್ತೇನೆ ಅಂದುಕೊಂಡಿದ್ದೆ. ನಾನಿಲ್ಲದ ಹೊತ್ತಿನಲ್ಲಿ ನನ್ನ ಕೈ ನಿನ್ನ ಭಾಷೆಯಲ್ಲಿ ಮಾತಾಡುತ್ತಿತ್ತು. ನಿನ್ನಿಂದ ಏನು ಸವೆಯಿತೋ ಗೊತ್ತಿಲ್ಲ ಅಮ್ಮ. ಸವೆಯದೆ ಉಳಿದಿದ್ದು ಏನೆಂದು ಮಾತ್ರ ನೀನೇ ಕೂತು ನೋಡಿದ್ದೀಯ.

ಭಾನುವಾರ ವಿಡಿಯೊ ಕರೆ ಮಾಡುತ್ತೇನೆ. ಫೋನನ್ನು ದೂರ ಇಡುತ್ತೇನೆ, ಮೊಣಕೈ ಕಾಣುವ ಹಾಗೆ. ಮೊದಲು ನನ್ನ ಹೆಸರು ಹೇಳುತ್ತೇನೆ, ಕಿಟಕಿ ಎಷ್ಟು ತೆರೆಯುತ್ತದೋ ಅಷ್ಟು. ಆಮೇಲೆ ಇದನ್ನೆಲ್ಲ ಕೈಯಿಂದಲೇ ಹೇಳುತ್ತೇನೆ, ಕೊನೆಯ ಪ್ರಶ್ನೆಯನ್ನೂ ಕೇಳುತ್ತೇನೆ. ಕಾಗದ ಕೈಗಿಂತ ಮುಂಚೆ ನಿನ್ನ ಹತ್ತಿರ ಬರಬಾರದು. ಅದಕ್ಕೇ ತಡೆದಿಟ್ಟುಕೊಂಡಿದ್ದೇನೆ.

ನಿನ್ನ
ಕಿಟಕಿ

ಅಂಚೆಗೆ ಹಾಕುವುದು: ಅಕ್ಟೋಬರ್ ೧೩, ಸೋಮವಾರ.